ಹೊನ್ನವ್ವನ ಮುಖದ ಹಸಿರು ಚುಕ್ಕಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದ ನಾಲಿಗೆಗೆ ಇನ್ನು ಮೇಲೆ ಮೆಣಸಿನಕಾಯಿಯ ರುಚಿ ಹತ್ತದೆ ಹೋಗಲಿ. ತುಂಗಭದ್ರೆಯ ಮೇಲೆ ಆಣೆ, ಬೆಳಿಗ್ಗೆ ತಿಂದ ರೊಟ್ಟಿಯ ಮೇಲೆ ಆಣೆ. ಸಾಕ್ಷಿ ಬೇಕೆಂದರೆ ಹೊಳೆಯನ್ನೇ ಕೇಳಿ. ಅದು ಎಲ್ಲಿಗೂ ಓಡಿಹೋಗಿಲ್ಲ, ಓಡುತ್ತಿದ್ದರೂ ಅಲ್ಲೇ ಇದೆ.

ಹೊಳೆಯ ದಂಡೆಯಲ್ಲಿ ಒಂದು ತಗಡಿನ ಷೆಡ್ಡು. ಊರವರು ಅದನ್ನು ಆಶ್ರಮ ಎನ್ನುತ್ತಾರೆ, ಯಾಕೆಂದರೆ ಒಳಗೆ ಹೋದ ಕಂಪ್ಯೂಟರು ಬೇಗ ಸಂಸಾರಕ್ಕೆ ಮರಳುವುದಿಲ್ಲ.

ಅಲ್ಲಿ ಕೂತಿರುವವರು ತಿಪ್ಪೇರುದ್ರಯ್ಯ. ಅಯ್ಯನವರೆಂದರೆ ಸಾಮಾನ್ಯರಲ್ಲ. ಫ್ಯಾನಿನ ಸದ್ದು ಕೇಳಿ ಯಂತ್ರದ ವಯಸ್ಸು ಹೇಳುತ್ತಾರೆ. ಇನ್ನೊಮ್ಮೆ ಕೇಳಿದರೆ ಅದರ ಯಜಮಾನನ ವಯಸ್ಸನ್ನೂ ಹೇಳುತ್ತಾರೆ. ಒಮ್ಮೆ ಅವರು ಸೀನಿದ ಹೊಡೆತಕ್ಕೆ ಆಚೆ ದಂಡೆಯಲ್ಲಿ ಏಳು ವರ್ಷದಿಂದ ಸತ್ತಿದ್ದ ರೇಡಿಯೊ ಎದ್ದು ಕೂತು ವಾರ್ತೆ ಓದಿತು.

ಅವರ ಶಿಷ್ಯ ಹಾಲೇಶ. ನಲವತ್ತೈದರ ಗಟ್ಟಿ ಆಳು. ಇಪ್ಪತ್ತು ವರ್ಷ ಬೋರ್‌ವೆಲ್ ಮೋಟಾರಿಗೆ ತಾಮ್ರದ ತಂತಿ ಸುತ್ತಿದ ಕೈ. ಹಿಡಿದದ್ದನ್ನು ಬಿಡುವ ಜಾತಕವೇ ಅವನದಲ್ಲ. ಅವನು ಸ್ಕ್ರೂಡ್ರೈವರ್ ಎತ್ತಿದರೆ ಸಾಕು, ಅರ್ಧ ಸ್ಕ್ರೂಗಳು ಹೆದರಿ ತಾವಾಗಿಯೇ ಸಡಿಲವಾಗುತ್ತಿದ್ದವು.

ಆಶ್ರಮದ ಕಟ್ಟಳೆ ಒಂದೇ. ಯಂತ್ರದಲ್ಲಿ ಒಂದು ಸಲಕ್ಕೆ ಒಂದೇ ಭಾಗ ಬದಲಿಸಬೇಕು. ಪ್ರತಿ ಬದಲಿಗೂ ಮುಂಚೆ ಹೊಳೆಗಿಳಿದು ಕೈ ತೊಳೆದು, ಒರೆಸಿಕೊಂಡು ಬರಬೇಕು. ಇಳಿಯಲು ಅರವತ್ತು ಮೆಟ್ಟಿಲು. ಹತ್ತಲು, ನಂಬಿದರೆ ನಂಬಿ, ಅರವತ್ತೇ.

"ನನ್ನ ಕೈ ಸ್ವಚ್ಛನೇ ಅದಾವಲ್ಲ ಅಯ್ಯನೋರೆ," ಎಂದಿದ್ದ ಹಾಲೇಶ, ಸೇರಿದ ದಿನ.

"ನೀರು ಕೈಗಲ್ಲಪಾ," ಎಂದಿದ್ದರು ಅಯ್ಯನವರು. "ಅವಸರಕ್ಕೆ."

ಹಾಲೇಶನಿಗೆ ತಾಯಿಯ ನೆನಪಿಲ್ಲ. ಹೊನ್ನವ್ವ ತೀರಿಕೊಂಡಾಗ ಅವನಿನ್ನೂ ಹತ್ತು ತಿಂಗಳ ಕೂಸು. ಉಳಿದದ್ದು ಒಂದೇ ಫೋಟೊ, ಮೂರು ಬೆರಳಗಲದ್ದು. ಅದಕ್ಕೊಂದು ಗಾಜು, ಕಟ್ಟು. ವರ್ಷಾವರ್ಷ ಪಕ್ಷಮಾಸಕ್ಕೆ ಚಿಕ್ಕಮ್ಮ ಆ ಗಾಜಿಗೆ ವಿಭೂತಿ ಬಳಿದು ಕುಂಕುಮ ಇಡುತ್ತಿದ್ದಳು. ಹಳೆಯದನ್ನು ಒರೆಸಿದರೆ ಪಾಪ ಎಂದು ಅದರ ಮೇಲೆಯೇ ಹೊಸದು. ನಲವತ್ತು ವರ್ಷದಲ್ಲಿ ಭಕ್ತಿ ಎಷ್ಟು ದಪ್ಪವಾಯಿತೆಂದರೆ ಹಿಂದಿನ ಮುಖವೇ ಕಾಣದಾಯಿತು.

ಊರಲ್ಲಿ ಕೊಟ್ರಮ್ಮ ಅಂತ ಒಬ್ಬರು ಡ್ರಾಯಿಂಗ್ ಟೀಚರು. ನಿವೃತ್ತಿಯಾದ ಮೇಲೆ ಮನೆಯ ಕಂಪ್ಯೂಟರಿನಲ್ಲಿ ಹಳೇ ಫೋಟೊಗಳ ಕಲೆ ತೆಗೆದು, ಹರಿದದ್ದು ಕೂಡಿಸಿ ಕೊಡುವುದು ಅವರ ಹವ್ಯಾಸ. ಹಾಲೇಶ ಅವ್ವನ ಫೋಟೊವನ್ನು ಅವರಿಗೆ ಕೊಟ್ಟ. ಅವರು ಗಾಜು ತೊಳೆದು, ಕಟ್ಟಿನ ಸಮೇತ ಫೋಟೊವನ್ನು ಸ್ಕ್ಯಾನ್ ಮಾಡಿದರು. ಆಮೇಲೆ ಇನ್ನೂ ಚೆನ್ನಾಗಿ ಬರಲೆಂದು ಗಾಜಿನಿಂದ ಬಿಡಿಸಲು ಹೋದರು. ನಲವತ್ತು ವರ್ಷ ಗಾಜನ್ನು ತಬ್ಬಿದ್ದ ಕಾಗದ ಬಿಡಿಸಿಕೊಳ್ಳಲಿಲ್ಲ. ಮುಖ ಪುಡಿಪುಡಿಯಾಗಿ ಉದುರಿತು.

ಈಗ ಹೊನ್ನವ್ವ ಇದ್ದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ.

ಅಲ್ಲಿ ನೋಡಿದರೆ ಅವಳ ಮುಖದ ತುಂಬ ಹಸಿರು ಚುಕ್ಕಿ.

"ಮೂರು ದಿನ ಆತು ಕಣೋ ಒರೆಸ್ತಿದೀನಿ," ಎಂದರು ಟೀಚರು. "ಇಲ್ಲಿ ಒರೆಸಿದ್ರೆ ಅಲ್ಲಿ ಏಳ್ತವೆ. ಒಮ್ಮೊಮ್ಮೆ ಹಣೆಯಿಂದ ಗದ್ದದ ತನಕ ಗೆರೆ. ನಿಮ್ಮವ್ವನ್ನ ನಾನೇ ಹಾಳು ಮಾಡಿದ್ನೇನೋ ಹಾಲೇಶ."

ಹಾಲೇಶ ಪರದೆಯ ಫೋಟೊ ಮೊಬೈಲಿನಲ್ಲಿ ಹಿಡಿದುಕೊಂಡು ಆಶ್ರಮಕ್ಕೆ ಓಡಿದ. ಅವನು ಓಡಿದ ಗಾಳಿಗೆ ದಾರಿಯ ಎರಡು ಅಂಗಡಿಗಳ ಬಾಗಿಲು ಮುಚ್ಚಿಕೊಂಡವು.

"ಅಯ್ಯನೋರೆ, ನಮ್ಮವ್ವನ ಮುಖ ಕೆಟ್ಟೈತಿ. ನೋಡ್ರಿ."

ಅಯ್ಯನವರು ಮೊಬೈಲನ್ನು ಮಗುಚಿ ಇಟ್ಟರು. "ಮುಖ ಕೆಟ್ಟೈತೋ, ಮುಖ ತೋರ್ಸೋದು ಕೆಟ್ಟೈತೋ?"

"ಅದನ್ನೇ ನಿಮ್ಮನ್ನ ಕೇಳಾಕ ಬಂದೆ."

"ನಿಮ್ಮವ್ವ ನನ್ನವ್ವ ಅಲ್ಲ. ನೀನೇ ಹುಡುಕು. ಆದ್ರೆ ಮೊದಲು ಬೀಜ ಎತ್ತಿಡು, ಆಮೇಲೆ ಹೊಲ ಹರಗು."

ಹಾಲೇಶನಿಗೆ ಅರ್ಥವಾಯಿತು. ಟೀಚರು ಮೊದಲು ಸ್ಕ್ಯಾನ್ ಮಾಡಿದ್ದನ್ನು ಮುಟ್ಟದೆ ಹಾಗೇ ಇಟ್ಟಿದ್ದರು, ಒರೆಸಿದ್ದೆಲ್ಲ ಬೇರೊಂದು ಪ್ರತಿಯ ಮೇಲೆ. ಎರಡನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ತಂದ. ಅಯ್ಯನವರು ಅದನ್ನು ಎಲೆಅಡಿಕೆಯ ಚಂಚಿಗೆ ಸೇರಿಸಿ ದಾರ ಎಳೆದರು.

"ನಿಮ್ಮ ಕಂಪ್ಯೂಟರ್‌ನಾಗೆ ಒಂದ್ಸಲ ತೆಗೆದು ನೋಡಾನ ಅಯ್ಯನೋರೆ. ಅವ್ವ ಚೆನ್ನಾಗಿದಾಳೋ ಇಲ್ಲೋ, ಈಗಲೇ ಗೊತ್ತಾಗ್ತತಿ."

"ತೆಗೀತೀನಿ. ನೋಡಿ ನಿನಗೆ ಸಮಾಧಾನ ಆಗ್ತತಿ. ಆಮೇಲೆ ಹುಡುಕ್ತೀಯ?"

ಹಾಲೇಶ ಚಂಚಿಯನ್ನೇ ನೋಡಿದ.

"ಟೀಚರಮ್ಮನ ಮನಿಯಾಗೆ ಇನ್ನೂ ಎಷ್ಟು ಜನರ ಅವ್ವಂದಿರು ಸರದಿ ಕಾಯಾಕತ್ಯಾರೆ," ಎಂದರು ಅಯ್ಯನವರು, ಸುಣ್ಣ ಹಚ್ಚುತ್ತಾ.

"ತೆಗೀಬ್ಯಾಡ್ರಿ," ಎಂದ ಹಾಲೇಶ. "ಕಳ್ಳ ಸಿಗಲಿ ಮೊದಲು."

ಟೀಚರ ಕಂಪ್ಯೂಟರಿನ ಡಬ್ಬವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ತಂದ. ಪರದೆಯನ್ನು ಅಲ್ಲೇ ಬಿಟ್ಟ. ಹೊಳೆಗಿಳಿದ, ಕೈ ತೊಳೆದ, ಹತ್ತಿದ. ಅಯ್ಯನವರ ಪರದೆಗೆ ಜೋಡಿಸಿದ. ಹತ್ತು ನಿಮಿಷ ಕಾದ.

ಚುಕ್ಕಿ ಬಂದವು. ಅಂದರೆ ಪರದೆ ಕಳ್ಳನಲ್ಲ.

ಈಗ ಕೇಬಲ್ಲು ಬದಲಿಸಬೇಕು. ಅದಾದ ಮೇಲೆ ಮತ್ತೆ ಇಳಿದು ಹತ್ತಿ, ನೆನಪಿನ ಪಟ್ಟಿ. ಕಂಪ್ಯೂಟರು ಕೆಲಸ ಮಾಡುವಾಗ ಎಲ್ಲ ನೆನಪಿಟ್ಟುಕೊಳ್ಳುವ ಬೆರಳುದ್ದದ ಪಟ್ಟಿ ಅದು, ಟೀಚರ ಯಂತ್ರದಲ್ಲಿ ಎರಡಿದ್ದವು. ಸೂರ್ಯ ನೆತ್ತಿಯ ಮೇಲಿದ್ದ. ಮೆಟ್ಟಿಲ ಕಲ್ಲು ಕಾದ ಹೆಂಚಾಗಿತ್ತು. ಅಯ್ಯನವರು ಪೂಜೆಗೆ ಕೂತು ಕಣ್ಣು ಮುಚ್ಚಿದ್ದರು.

ಹಾಲೇಶ ಒಂದೇ ಸಲ ಕೈ ತೊಳೆದು ಬಂದು, ಕೇಬಲ್ಲನ್ನೂ ಎರಡು ನೆನಪಿನ ಪಟ್ಟಿಗಳನ್ನೂ ಒಟ್ಟಿಗೇ ಬದಲಿಸಿದ.

ಪರದೆ ಕನ್ನಡಿಯಂತೆ ಬೆಳಗಿತು. ಐದು ನಿಮಿಷ. ಏಳು ನಿಮಿಷ. ಒಂದು ಚುಕ್ಕಿಯಿಲ್ಲ.

"ಕೇಬಲ್ಲು!" ಎಂದು ಕೂಗಿದ. ಆ ಕೂಗಿಗೆ ಹೊಳೆಯ ಕೊಕ್ಕರೆಗಳು ಒಂಟಿ ಕಾಲಿನ ತಪಸ್ಸು ಬಿಟ್ಟು ಎರಡೂ ಕಾಲು ಊರಿದವು. ಪೂಜೆ ಮುಗಿಯುವುದಕ್ಕೂ ಕಾಯದೆ ಡಬ್ಬ ಹೊತ್ತು ಟೀಚರ ಮನೆಗೆ ಹೋದ.

"ಕೇಬಲ್ ಒಂದೇನಾ?" ಎಂದರು ಟೀಚರು.

"ಒಂದೇ. ಸಣ್ಣ ಕೆಲಸ. ನನ್ನಂಥವನ ಕೈಗೆ ಸಿಕ್ರೆ ಎಷ್ಟೊತ್ತು?"

ಟೀಚರು ಚಹಾ ಮಾಡಿದರು. ಹಾಲೇಶ ಅವ್ವನ ಫೋಟೊ ತೆಗೆಯಲು ಹೇಳಿ, ಲೋಟ ಹಿಡಿದು ಪರದೆಯ ಮುಂದೆ ಕೂತ. ಮುಖ ಬಂತು. ಲೋಟ ತುಟಿಗೆ ಹೋಗುವಷ್ಟರಲ್ಲಿ ಒಂದು ಹಸಿರು ಗೆರೆ ಆ ಮುಖವನ್ನು ಎರಡು ಹೋಳು ಮಾಡಿತು. ಆಮೇಲೆ ಪರದೆ ಕಪ್ಪಾಯಿತು.

"ಸಣ್ಣ ಕೆಲಸ," ಎಂದರು ಟೀಚರು.

ಹಾಲೇಶ ಚಹಾ ಕುಡಿಯದೆ ಎದ್ದ.

ಅಯ್ಯನವರು ಷೆಡ್ಡಿನ ಬಾಗಿಲಲ್ಲೇ ಕೂತಿದ್ದರು. ಡಬ್ಬ ಮರಳಿ ಬಂದದ್ದು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅದೇ ದೊಡ್ಡ ಬೈಗುಳ.

"ತಪ್ಪಾತು ಅಯ್ಯನೋರೆ. ಕೇಬಲ್ಲು, ಪಟ್ಟಿ ಎರಡೂ ಒಟ್ಟಿಗೇ ಬದಲು ಮಾಡ್ದೆ. ಏಳು ನಿಮಿಷ ಚುಕ್ಕಿ ಬರಲಿಲ್ಲ, ಓಡಿಬಿಟ್ಟೆ."

"ಸರಿ. ಏಳು ನಿಮಿಷ ಚೆನ್ನಾಗಿತ್ತಲ್ಲ. ಅದು ಕೇಬಲ್ ಪುಣ್ಯನೋ, ಪಟ್ಟಿ ಪುಣ್ಯನೋ?"

"ಗೊತ್ತಿಲ್ಲ."

"ಎರಡರದ್ದೂ ಅಲ್ಲದೇ ಇದ್ರೆ?"

ಹಾಲೇಶ ತಲೆಯೆತ್ತಿದ.

"ನೀನು ಹೊಳೆಗೆ ಹೋಗಿ ಬರೋತನಕ ಡಬ್ಬ ಏನು ಮಾಡ್ತಿತ್ತು?"

"ಆರಿಸಿ ಹೋಗಿದ್ದೆ. ಸುಮ್ನೆ ಕೂತಿತ್ತು."

"ಸುಮ್ನೆ ಕೂತ್ರೆ ಏನಾಗ್ತತಿ?"

ಹಾಲೇಶನಿಗೆ ಸುಟ್ಟ ಮೋಟಾರುಗಳ ವಾಸನೆ ನೆನಪಾಯಿತು. "ತಣ್ಣಗಾಗ್ತತಿ," ಎಂದ. "ಕಾದ್ರೆ ಕೆಡ್ತತಿ, ಆರಿದ್ರೆ ಸುಧಾರಿಸ್ತತಿ."

"ನಾನೇನೂ ಹೇಳ್ಲಿಲ್ಲಪಾ," ಎಂದರು ಅಯ್ಯನವರು.

ಅಂದಿನಿಂದ ಹಾಲೇಶ ಹಟಕ್ಕೆ ಬಿದ್ದ. ಟೀಚರ ಹಳೇ ಪಟ್ಟಿ, ಹಳೇ ಕೇಬಲ್ಲು ಎಲ್ಲ ಮೊದಲಿನಂತೆ ಹಾಕಿದ. ಒಂದು ಸ್ಲೇಟು ತಂದ. ತಣ್ಣಗಿದ್ದಾಗ ಹಚ್ಚಿದರೆ ಎಂಟು ನಿಮಿಷಕ್ಕೆ ಚುಕ್ಕಿ. ಆರಿಸಿ ತಕ್ಷಣ ಹಚ್ಚಿದರೆ ಮೂರಕ್ಕೆ. ಹೀಗೆ ಬರೆಯುತ್ತ ಹೋದ.

ಕೇಬಲ್ಲು ಮಾತ್ರ ಬದಲಿಸಿದ. ಎಂಟು ನಿಮಿಷ.

ಹೊಳೆಗಿಳಿದ, ಹತ್ತಿದ. ಒಂದು ಪಟ್ಟಿ ಬದಲಿಸಿದ. ಎಂಟು.

ಇಳಿದ, ಹತ್ತಿದ. ಇನ್ನೊಂದು ಪಟ್ಟಿ. ಎಂಟು.

ಇಳಿದ, ಹತ್ತಿದ. ಕರೆಂಟು ಹಂಚುವ ಪೆಟ್ಟಿಗೆಯನ್ನೇ ಬದಲಿಸಿದ. ಎಂಟಕ್ಕೆ ಸರಿಯಾಗಿ ಚುಕ್ಕಿ ಹಾಜರು, ಸರ್ಕಾರಿ ಬಸ್ಸಿಗೂ ಇಲ್ಲದ ನಿಯತ್ತು.

ಮೂರು ದಿನದಲ್ಲಿ ಅವನು ಎಷ್ಟು ಸಲ ಕೈ ತೊಳೆದನೆಂದರೆ ಅಂಗೈಯ ಆಯುಷ್ಯರೇಖೆ ಅರ್ಧ ಅಳಿಸಿತು. ಹೊಳೆಯ ಮೀನುಗಳು ಅವನ ಹೆಜ್ಜೆ ಸದ್ದಿಗೆ ಸಾಲುಗಟ್ಟಿ ದಾರಿ ಬಿಡುತ್ತಿದ್ದವು. ಬಟ್ಟೆ ಒಗೆಯುವ ಹೆಂಗಸರು, "ಯಾವ ಪಾಪ ಮಾಡೀಯೋ ಯಣ್ಣಾ, ಇಷ್ಟು ತೊಳೆದ್ರೂ ಹೋಗವಲ್ದು?" ಎಂದು ಕೇಳಿದರು.

"ಎರಡು ಒಟ್ಟಿಗೆ ಬದಲು ಮಾಡಿದ್ದೆ," ಎಂದ ಹಾಲೇಶ. ಅವರು ಮದುವೆ ವಿಷಯವೆಂದು ತಿಳಿದು ಸುಮ್ಮನಾದರು.

ನಾಲ್ಕನೇ ದಿನ ಅವನು ಸ್ಲೇಟು ಕೆಳಗಿಟ್ಟ.

"ಅಯ್ಯನೋರೆ, ಒಂದು ಸಂಶಯ. ಫೋಟೊ ಕಡತನೇ ಕೆಟ್ಟಿದ್ರೆ? ನಾನು ಸುಮ್ನೆ ಡಬ್ಬ ಬಿಚ್ಚಾಕತ್ತಿದ್ರೆ?"

ಅಷ್ಟರಲ್ಲಿ ಪರದೆಯ ತುಂಬ ಚುಕ್ಕಿ ಕುಣಿಯುತ್ತಿದ್ದವು. ಅಯ್ಯನವರು ಎದ್ದು ಬಂದರು. ಕಂಪ್ಯೂಟರಿಗೆ ಮತ್ತೆ ಮೊದಲಿನಿಂದ ಶುರುವಾಗಲು ಗುಂಡಿ ಒತ್ತಿದರು.

ಪರದೆ ಕಪ್ಪಾಯಿತು. ಯಂತ್ರ ಎಚ್ಚರವಾಗುವಾಗ ಮೊಟ್ಟಮೊದಲು ಬರುವ ಬಿಳಿ ಅಕ್ಷರಗಳು ಬಂದವು.

ಅಯ್ಯನವರು ಬೆರಳಿಟ್ಟು ತೋರಿಸಿದರು. ಆ ಬಿಳಿ ಅಕ್ಷರಗಳ ನಡುವೆ ಹಸಿರು ಚುಕ್ಕಿ.

"ಈಗ ನಿಮ್ಮವ್ವ ಎಲ್ಲಿದಾಳೆ?"

"ಇನ್ನೂ ಫೋಟೊ ತೆಗ್ದೇ ಇಲ್ಲ. ಒಳಗೆ ಮಲಗ್ಯಾಳೆ."

"ಚುಕ್ಕಿ?"

ಹಾಲೇಶ ಪರದೆಯನ್ನೇ ನೋಡುತ್ತ ನಿಂತ. ಅವನ ಮೀಸೆ ನಿಧಾನವಾಗಿ ಮೇಲೇರಿತು.

"ಅವ್ವ ಏಳೋಕಿಂತ ಮುಂಚೆನೇ ಎದ್ದಾವೆ," ಎಂದ.

ಅವನು ಹೊಳೆಗಿಳಿದ. ಈ ಸಲ ನಿಧಾನವಾಗಿ. ಕೈ ತೊಳೆದು, ಒರೆಸಿ, ಹತ್ತಿ ಬಂದ. ಡಬ್ಬದೊಳಗೆ ಇನ್ನೂ ಮುಟ್ಟದೇ ಉಳಿದದ್ದು ಎರಡೇ. ಎಲ್ಲ ಭಾಗಗಳನ್ನೂ ಹೊತ್ತ ತಾಯಿ ಹಲಗೆ, ಮತ್ತು ಅದಕ್ಕೆ ಸಿಕ್ಕಿಸಿದ್ದ ಗ್ರಾಫಿಕ್ಸ್ ಕಾರ್ಡು. ಯಂತ್ರದ ಮನಸ್ಸಿನಲ್ಲಿರುವುದನ್ನು ಪರದೆಗೆ ಬರೆದು ತೋರಿಸುವ ಕಾರ್ಡು ಅದು. ಚಿತ್ರದ ಕೆಲಸಕ್ಕೆಂದು ಟೀಚರು ಬೇರೆಯಾಗಿ ಹಾಕಿಸಿದ್ದು, ಬೆನ್ನ ಮೇಲೊಂದು ಪುಟ್ಟ ಫ್ಯಾನು. ಫ್ಯಾನು ತಿರುಗುತ್ತಲೇ ಇತ್ತು. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ.

ಕಾರ್ಡನ್ನು ಕಿತ್ತು ಪಕ್ಕಕ್ಕಿಟ್ಟ. ತಾಯಿ ಹಲಗೆಗೇ ಪರದೆಯ ಕೇಬಲ್ಲು ಸಿಕ್ಕಿಸಲು ಇದ್ದ ತೂತಿಗೆ ಜೋಡಿಸಿ ಹಚ್ಚಿದ.

ಎಂಟು ನಿಮಿಷ. ಏನಿಲ್ಲ. ಅರ್ಧ ಗಂಟೆ. ಏನಿಲ್ಲ. ಎರಡು ಗಂಟೆ ಪರದೆಯ ಮುಂದೆ ರೆಪ್ಪೆ ಬಡಿಯದೆ ಕೂತ. ನೊಣವೊಂದು ಬಂದು ಪರದೆಯ ಮೇಲೆ ಕೂತಾಗ ಎದೆ ಒಡೆದಂತಾಯಿತು. ನೊಣ ಹಾರಿಹೋಯಿತು.

"ಸಿಕ್ತು," ಎಂದು ಕೂಗಬೇಕೆಂದು ಬಾಯಿ ತೆರೆದ. ಮುಚ್ಚಿದ. ಹೊಳೆಗಿಳಿದ.

ಹತ್ತಿ ಬಂದು ಕಾರ್ಡನ್ನು ಮತ್ತೆ ಹಾಕಿದ. ಎಂಟು ನಿಮಿಷಕ್ಕೆ ಚುಕ್ಕಿ. ಇಳಿದ, ಹತ್ತಿದ. ತೆಗೆದ. ಸ್ವಚ್ಛ. ಇಳಿದ, ಹತ್ತಿದ. ಹಾಕಿದ. ಚುಕ್ಕಿ.

ಆಮೇಲೆ ಕಾರ್ಡನ್ನು ಅಯ್ಯನವರ ಮುಂದೆ ಇಟ್ಟ, ಹೆಣ ಇಟ್ಟಂತೆ.

"ಇವನೇ."

ಅಯ್ಯನವರು ತಲೆಯಾಡಿಸಿದರು.

"ಮೊಬೈಲಿನಾಗೆ ಒಬ್ಬ ಇಂಥ ಕಾರ್ಡನ್ನ ಒಲೆ ಮೇಲೆ ಕಾಸಿ ಬದುಕಿಸಿದ್ದ ಅಯ್ಯನೋರೆ. ನಮ್ಮ ಮನಿಯಾಗೆ ರೊಟ್ಟಿ ಹೆಂಚೈತಿ. ಎರಡೂ ಕಡೆ ಬೇಯಿಸಿದ್ರೆ..."

"ಅವನದು ಎಷ್ಟು ದಿನ ಬದುಕ್ತು?"

"ಹನ್ನೊಂದು ದಿನ ಅಂದ."

"ಹನ್ನೊಂದನೇ ದಿನ ಮಾಡೋ ಅಡುಗೆ ಗೊತ್ತೈತಲ್ಲ?"

ಹಾಲೇಶ ಹೆಂಚಿನ ವಿಚಾರ ಬಿಟ್ಟ.

ಸಂಜೆ ಟೀಚರನ್ನೂ ಕರೆಸಿದರು. ಕಾರ್ಡಿಲ್ಲದ ಡಬ್ಬ ಆಶ್ರಮದ ಪರದೆಗೆ ಜೋಡಿಸಿಯೇ ಇತ್ತು. ಅಯ್ಯನವರು ಚಂಚಿ ಬಿಚ್ಚಿ, ಅಡಿಕೆಚೂರು ಕೊಡವಿ, ಪೆನ್‌ಡ್ರೈವನ್ನು ಹಾಲೇಶನ ಕೈಗೆ ಕೊಟ್ಟರು.

"ನಿಮ್ಮವ್ವನ್ನ ನೀನೇ ಕರಿ."

ಹಾಲೇಶ ಒರೆಸದ ಪ್ರತಿಯನ್ನು ತೆಗೆದ.

ಹೊನ್ನವ್ವ ಬಂದಳು. ಇಪ್ಪತ್ತೈದಿರಬೇಕು ವಯಸ್ಸು. ಸ್ಟುಡಿಯೋದ ಕುರ್ಚಿಯ ತುದಿಯಲ್ಲಿ, ಈಗಲೋ ಆಗಲೋ ಎದ್ದು ಹೋಗುವವಳಂತೆ ಕೂತಿದ್ದಳು. ಹಾಲೇಶನದೇ ಮೂಗು. ಹಸಿರು ಒಂದು ಚೂರೂ ಇಲ್ಲ.

ಟೀಚರು ಸೆರಗು ಬಾಯಿಗೆ ಒತ್ತಿಕೊಂಡರು. "ಹಾಳಾಗಿಲ್ಲ. ಹಾಳಾಗಿಲ್ಲ ಕಣೋ."

ಹಾಲೇಶ ಪರದೆಯ ಹತ್ತಿರ ಬಗ್ಗಿದ. ಇನ್ನೂ ಬಗ್ಗಿದ.

"ಅಯ್ಯನೋರೆ, ಇನ್ನೂ ಅದಾವೆ."

"ಏನು?"

"ಚುಕ್ಕಿ. ಕೆನ್ನೆ ಮೇಲೆ ನೋಡ್ರಿ, ಹಣೆ ಮೇಲೆ. ಹಸಿರಿಲ್ಲ, ಆದ್ರೆ ಅದಾವೆ. ಕಳ್ಳ ಒಬ್ಬನೇ ಅಲ್ಲ!"

ಯಾರ ಉತ್ತರಕ್ಕೂ ಕಾಯದೆ ಹೊಳೆಗೆ ಓಡಿದ. ಬಂದು ಕೇಬಲ್ಲು ಬದಲಿಸಿದ. ಚುಕ್ಕಿ ಅಲ್ಲೇ. ಮತ್ತೆ ಓಡಿದ. ಪರದೆ ಬದಲಿಸಿದ. ಅಲ್ಲೇ. ಎಂಟು ನಿಮಿಷ ಕಾದ. ಹೆಚ್ಚಲಿಲ್ಲ, ಕುಣಿಯಲಿಲ್ಲ. ಮುಖವನ್ನು ದೊಡ್ಡದು ಮಾಡಿದ. ಮುಖದ ಜೊತೆ ಅವೂ ದೊಡ್ಡವಾದವು. ಚಿತ್ರವನ್ನು ಎಡಕ್ಕೆ ಎಳೆದ. ಕೆನ್ನೆಯ ಜೊತೆ ಎಡಕ್ಕೆ ಬಂದವು.

ಹಾಲೇಶನ ಕೈ ನಿಂತಿತು.

"ಸಿಡುಬಿನ ಕಲೆ ಕಣಪ್ಪ," ಎಂದರು ಟೀಚರು, ಮೆಲ್ಲಗೆ. "ಚಿಕ್ಕವಳಿದ್ದಾಗ ಅಮ್ಮ ಆಗಿತ್ತು ಅಂತ ಕಾಣ್ತದೆ. ಅಯ್ಯೋ, ನಾನು ಮೂರು ದಿನ ಅವನ್ನೂ ಸೇರಿಸೇ ಒರೆಸಿದೀನಿ."

ಅವರು ತಾವು ಒರೆಸಿದ ಪ್ರತಿಯನ್ನು ಪಕ್ಕದಲ್ಲಿ ತೆಗೆದರು. ಅದರಲ್ಲಿದ್ದವಳ ಕೆನ್ನೆ ಸೋಪಿನ ಜಾಹೀರಾತಿನದಾಗಿತ್ತು. ಯಾರ ತಾಯಿಯಾದರೂ ಆಗಬಹುದಾಗಿತ್ತು.

"ಒಬ್ಬರೂ ಹೇಳ್ಲಿಲ್ಲ ನನಗೆ," ಎಂದ ಹಾಲೇಶ. "ಚಿಕ್ಕಮ್ಮ ಹೇಳ್ಲಿಲ್ಲ. ಅಪ್ಪ ಹೇಳ್ಲಿಲ್ಲ. ಬರೀ ಚೆಂದಿದ್ಲು, ಚೆಂದಿದ್ಲು ಅಂತಿದ್ರು."

ಬಹಳ ಹೊತ್ತು ಎರಡು ಮುಖಗಳನ್ನೂ ನೋಡಿದ. ಆಮೇಲೆ ಅಂಗಿಯ ತೋಳು ಮಡಚಿದ, ಕೆಲಸಕ್ಕೆ ನಿಂತವನಂತೆ.

"ಟೀಚರ್, ಈಗ ಕಂಪ್ಯೂಟರ್ ಸರಿ ಐತಿ. ಒಂದೊಂದಾಗಿ ತೆಗೀರಿ. ನಾನು ಇಲ್ಲೇ ಕುಂದರ್ತೀನಿ, ಎಷ್ಟು ದಿನ ಆಗಲಿ. ಒಂದು ಉಳೀಬಾರದು."

ಟೀಚರು ಮೌಸಿಗೆ ಕೈ ಚಾಚಿದರು. ಅಯ್ಯನವರು ಅದಕ್ಕಿಂತ ಮೊದಲು ಅದನ್ನು ಎತ್ತಿಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಆಣೆ ಹಾಕಿದ ಮೇಲೆ ಒಪ್ಪಿಕೊಳ್ಳಲೇಬೇಕು. ಮೆಟ್ಟಿಲು ಅರವತ್ತಲ್ಲ, ಇಪ್ಪತ್ತೆರಡು. ಅದೊಂದು ಬಿಟ್ಟರೆ ರೇಡಿಯೊ ನಿಜ, ಕೊಕ್ಕರೆ ನಿಜ, ಅಯ್ಯನವರು ಆಗ ಹೇಳಿದ್ದೂ ನಿಜ.

"ರಿಪೇರಿ ಮುಗೀತಲೇ ಹಾಲೇಶ," ಎಂದರು ಅವರು. "ಇನ್ನು ಉಳಿದಿದ್ದು ಮುಖ."